ಹದಿಹರೆಯದ ನಿದ್ದೆಗೆ ಕತ್ತರಿ ಬೀಳುವುದು ಬೆಳಿಗ್ಗೆ

ನನ್ನ ಮಗನ ಭೌತಶಾಸ್ತ್ರದ ನೋಟ್‌ಬುಕ್ಕೊಂದು ಈಗ ನನ್ನ ಮೇಜಿನ ಮೇಲಿದೆ. ದ್ವಿತೀಯ ಪಿಯುಸಿ ಶುರುವಾದ ಹೊಸದರಲ್ಲಿ ಬರೆದದ್ದು. ಬೆಳಗಿನ ಮೊದಲ ಪೀರಿಯಡ್ಡಿನ ಪುಟಗಳಲ್ಲೆಲ್ಲ ಒಂದೇ ಕಥೆ. ಪುಟದ ಮೇಲ್ಭಾಗದಲ್ಲಿ ಅಕ್ಷರಗಳು ಗೆರೆಯ ಮೇಲೆ ನೆಟ್ಟಗೆ ಕೂತಿವೆ. ಏಳೆಂಟು ಸಾಲು ಕಳೆಯುವಷ್ಟರಲ್ಲಿ ಸಾಲಿನ ಬಲತುದಿ ಕೆಳಕ್ಕೆ ಬಾಗತೊಡಗುತ್ತದೆ. ಇನ್ನೂ ಕೆಳಗೆ, ಒಂದು ಸಮೀಕರಣದ ನಡುವೆಯೇ ಪೆನ್ನು ಜಾರಿ ಪುಟದ ಅಂಚಿನವರೆಗೆ ಗೀಟು ಎಳೆದುಕೊಂಡು ಹೋಗಿದೆ. ಅಲ್ಲಿಂದ ಎರಡು ಬೆರಳಿನಷ್ಟು ಜಾಗ ಖಾಲಿ. ಆಮೇಲೆ ಬರವಣಿಗೆ ಬೇರೆ ಯಾವುದೋ ವಾಕ್ಯದ ಅರ್ಧದಿಂದ ಮುಂದುವರಿಯುತ್ತದೆ.

ಆ ಗೀಟು ಬಿದ್ದಷ್ಟು ಹೊತ್ತು ಹುಡುಗ ನಿದ್ದೆಯಲ್ಲಿದ್ದ. ಕಣ್ಣು ತೆರೆದೇ ಇದ್ದಿರಬಹುದು, ಬೆನ್ನು ನೆಟ್ಟಗೇ ಇದ್ದಿರಬಹುದು. ಮಿದುಳು ಮಾತ್ರ ಕೆಲವು ಸೆಕೆಂಡುಗಳ ಕಾಲ ಹೊರಗಿನ ಲೋಕಕ್ಕೆ ಬಾಗಿಲು ಹಾಕಿಕೊಂಡಿತ್ತು. ನಿದ್ದೆಯ ಬಾಕಿ ಮಿತಿಮೀರಿದಾಗ ಮಿದುಳು ಯಾರ ಅಪ್ಪಣೆಗೂ ಕಾಯದೆ ಹೀಗೆ ತುಣುಕು ತುಣುಕಾಗಿ ವಸೂಲಿ ಮಾಡಿಕೊಳ್ಳುತ್ತದೆ. ಆಗ ಅವನ ದಿನ ಹೀಗಿತ್ತು: ಮುಕ್ಕಾಲು ಐದಕ್ಕೆ ಏಳುವುದು, ಮುಕ್ಕಾಲು ಆರಕ್ಕೆ ಟ್ಯೂಷನ್, ಅಲ್ಲಿಂದ ನೇರ ಕಾಲೇಜು, ಸಂಜೆ ಆರಕ್ಕೆ ಮನೆ, ಊಟ, ಓದು, ಮಲಗುವಾಗ ಹನ್ನೊಂದೂವರೆ. ಐದೂಕಾಲು ಗಂಟೆಯ ನಿದ್ದೆ. ಒಂದು ದಿನ ಬಚ್ಚಲುಮನೆಯಿಂದ ಸದ್ದೇ ಇಲ್ಲವಲ್ಲ ಎಂದು ಹೋಗಿ ನೋಡಿದರೆ, ಬಾಯಲ್ಲಿ ಬ್ರಷ್ ಹಾಗೇ ಇದೆ, ಹಣೆಯನ್ನು ಗೋಡೆಗೆ ಆನಿಸಿ ನಿಂತಲ್ಲೇ ನಿದ್ದೆ ಹೋಗಿದ್ದಾನೆ. ಅವನನ್ನು ದಿನಾ ಎಬ್ಬಿಸುತ್ತಿದ್ದವಳು ನಾನೇ. ಹಾಗಾಗಿ ಈ ಬರಹದಲ್ಲಿ ಯಾರ ಮೇಲೆ ಏನು ಹೇಳಿದರೂ ಅದು ನನಗೂ ಸಲ್ಲುತ್ತದೆ.

ಮಕ್ಕಳ ನಿದ್ದೆಯ ಮಾತು ತೆಗೆದರೆ ನೆಂಟರಿಂದ ಹಿಡಿದು ಶಿಕ್ಷಕರವರೆಗೆ ಎಲ್ಲರದೂ ಒಂದೇ ಉತ್ತರ: ‘ಎಲ್ಲ ಮೊಬೈಲ್‌ನಿಂದ.’ ಮೊಬೈಲಿನ ಪಾಲು ಇದೆ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ಈ ಒಂದೇ ಉತ್ತರದ ಮರೆಯಲ್ಲಿ ದೊಡ್ಡವರಾದ ನಾವು ತಪ್ಪಿಸಿಕೊಳ್ಳುತ್ತಿದ್ದೇವೆ ಎಂಬುದು ನನ್ನ ದೂರು. ರಾತ್ರಿಯ ತುದಿಯಲ್ಲಿ ನಿದ್ದೆ ತಡವಾಗುವುದಕ್ಕೆ ಪ್ರಕೃತಿಯೂ ಫೋನೂ ಸೇರಿ ಕಾರಣ. ಬೆಳಗಿನ ತುದಿಯಲ್ಲಿ ಅದನ್ನು ಕತ್ತರಿಸುವವರು ಮಾತ್ರ ಪೂರ್ತಿಯಾಗಿ ನಾವು: ಹೆತ್ತವರು, ಟ್ಯೂಷನ್ ನಡೆಸುವವರು, ಕಾಲೇಜು, ಹಾಸ್ಟೆಲ್ ವಾರ್ಡನ್, ಇಲಾಖೆ.

ಲೆಕ್ಕ ಸರಳವಾಗಿದೆ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿತು. ಬೆಳಿಗ್ಗೆ ಐದಕ್ಕೆ ಏಳಬೇಕಾದ ಹುಡುಗಿಗೆ ಕನಿಷ್ಠ 8 ಗಂಟೆ ಸಿಗಬೇಕಾದರೆ ರಾತ್ರಿ ಒಂಬತ್ತಕ್ಕೆ ಅವಳಿಗೆ ನಿದ್ದೆ ಹತ್ತಿರಬೇಕು. ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಯಾವ ಮನೆಯಲ್ಲಿ ಒಂಬತ್ತಕ್ಕೆ ದೀಪ ಆರುತ್ತದೆ? ಇನ್ನೂ ಮುಖ್ಯವಾದ ಪ್ರಶ್ನೆ: ದೀಪ ಆರಿಸಿದರೂ ಆ ವಯಸ್ಸಿನವರಿಗೆ ಒಂಬತ್ತಕ್ಕೆ ನಿದ್ದೆ ಬರುತ್ತದೆಯೇ?

ಬರುವುದಿಲ್ಲ. ನಮ್ಮ ಮಿದುಳಿನ ಬುಡದಲ್ಲಿ, ಎರಡು ಕಣ್ಣುಗಳ ನರಗಳು ಹಾದುಹೋಗುವ ಕಡೆಗೆ ಸರಿಯಾಗಿ ಮೇಲೆ, ದೇಹದ ಮುಖ್ಯ ಗಡಿಯಾರವಿದೆ. ಕತ್ತಲಾದ ಮೇಲೆ ಅದು ಮೆಲಟೋನಿನ್ ಎಂಬ ಹಾರ್ಮೋನಿನ ಮೂಲಕ ‘ರಾತ್ರಿಯಾಯಿತು’ ಎಂಬ ಸುದ್ದಿಯನ್ನು ದೇಹಕ್ಕೆಲ್ಲ ಕಳಿಸುತ್ತದೆ. ಮೈನೆರೆಯುವ ವಯಸ್ಸಿನಲ್ಲಿ ಈ ಸುದ್ದಿ ಹೊರಡುವ ಹೊತ್ತೇ ಮುಂದೆ ಹೋಗುತ್ತದೆ, ಒಂದರಿಂದ ಎರಡು ಗಂಟೆಯಷ್ಟು. ಇದರ ಜೊತೆಗೆ ಇನ್ನೊಂದು ಬದಲಾವಣೆಯೂ ಆಗುತ್ತದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತಾ ನಿದ್ದೆಯ ಒತ್ತಡವನ್ನು ಏರಿಸುತ್ತದೆ. ಈ ಒತ್ತಡ ಚಿಕ್ಕ ಮಕ್ಕಳಲ್ಲಿ ಏರುವಷ್ಟು ಬೇಗ ಹದಿಹರೆಯದವರಲ್ಲಿ ಏರುವುದಿಲ್ಲ. ಎಂಟು ವರ್ಷದ ತಂಗಿ ಊಟದ ತಟ್ಟೆಯ ಮುಂದೆಯೇ ತೂಕಡಿಸುವಾಗ ಹದಿನಾರರ ಅಕ್ಕ ಚುರುಕಾಗಿ ಕೂತಿರುವುದು ಹಟದಿಂದಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ದಶಕಗಳ ಕಾಲ ಮಕ್ಕಳ ನಿದ್ದೆಯನ್ನು ಅಳೆಯುತ್ತಾ ಬಂದು ಇದನ್ನು ತೋರಿಸಿದರು. ಬೇರೆ ಸಸ್ತನಿಗಳ ಮರಿಗಳಲ್ಲೂ ಪ್ರಾಯಕ್ಕೆ ಬರುವಾಗ ಗಡಿಯಾರ ಹೀಗೆ ಹಿಂದೆ ಬೀಳುವುದು ಕಂಡಿದೆ. ಅವುಗಳ ಕೈಯಲ್ಲಿ ಮೊಬೈಲ್ ಇರಲಿಲ್ಲ.

ಜರ್ಮನಿಯ ಟಿಲ್ ರೋನೆಬರ್ಗ್ ಸಾವಿರಾರು ಜನರ ರಜಾದಿನದ ನಿದ್ದೆಯ ಹೊತ್ತನ್ನು ವಯಸ್ಸಿಗೆ ಹೊಂದಿಸಿ ನೋಡಿದಾಗ, ತಡವಾಗಿ ಮಲಗಿ ತಡವಾಗಿ ಏಳುವ ಒಲವು ಇಪ್ಪತ್ತರ ಆಸುಪಾಸಿನವರೆಗೆ ಏರಿ ಅಲ್ಲಿಂದ ಇಳಿಯುವುದು ಕಂಡಿತು. ಅಂದರೆ ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ, ನೀಟ್ ಇಷ್ಟೂ ಬರುವುದು ಆ ಏರಿನಲ್ಲಿ.

ನಮ್ಮವರೂ ಈ ಗಡಿಯಾರವನ್ನು ಹತ್ತಿರದಿಂದ ನೋಡಿದ್ದಾರೆ. ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಬಾವಲಿಗಳ ಮೇಲೆ ಕೆಲಸ ಮಾಡಿದ್ದಷ್ಟೇ ಅಲ್ಲ, ಹೊರಗಿನ ಬೆಳಕು, ಸದ್ದು, ಗಡಿಯಾರ ಯಾವುದೂ ತಲುಪದ ಕೋಣೆಯಲ್ಲಿ ಸ್ವಯಂಸೇವಕರನ್ನು ಇರಿಸಿ ಮನುಷ್ಯರ ದಿನದ ಅಳತೆಯನ್ನೂ ನೋಡಿದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಇಂಥ ಪ್ರಯೋಗಗಳಿಂದ ತಿಳಿದದ್ದು: ಮನುಷ್ಯನ ಒಳಗಡಿಯಾರ 24 ಗಂಟೆಗಿಂತ ತುಸು ನಿಧಾನ, ದಿನಾ ಅದನ್ನು ಸರಿಹೊಂದಿಸುವುದು ಬೆಳಕು. ಬೆಳಗಿನ ಬಿಸಿಲು ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತದೆ, ಆಗ ರಾತ್ರಿ ಬೇಗ ನಿದ್ದೆ ಬರುತ್ತದೆ. ರಾತ್ರಿಯ ಬೆಳಕು ಅದನ್ನು ಹಿಂದಕ್ಕೆ ತಳ್ಳುತ್ತದೆ. ಈ ಗಡಿಯಾರದ ಜೀನ್‌ಗಳನ್ನು ಹಣ್ಣುನೊಣದಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಬ್ರಾಹ್ಮೀ ಮುಹೂರ್ತದ ಲೆಕ್ಕ

ಬೆಳಿಗ್ಗೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ನನ್ನ ಅತ್ತೆಯವರು ದಿನಾ ಹೇಳುವ ಮಾತಿದು, ಅವರಿಗೆ ಅದು ನಿಜವೂ ಆಗಿತ್ತು. ಆದರೆ ಅವರ ಕಾಲದ ಇನ್ನರ್ಧವನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಅವರ ಮನೆಯಲ್ಲಿ ಚಿಮಣಿ ದೀಪ, ಏಳೂವರೆಗೆ ಊಟ, ಎಂಟೂವರೆಗೆಲ್ಲ ಹಾಸಿಗೆ. ನಾಲ್ಕೂವರೆಗೆ ಎದ್ದರೂ 8 ಗಂಟೆ ನಿದ್ದೆ ಆಗಿರುತ್ತಿತ್ತು. ನಾವು ರಾತ್ರಿಯನ್ನು ಹನ್ನೊಂದೂವರೆಯವರೆಗೆ ಎಳೆದು, ಬೆಳಗಿನ ಭಾಗವನ್ನು ಮಾತ್ರ ಸಂಪ್ರದಾಯದ ಹೆಸರಿನಲ್ಲಿ ಉಳಿಸಿಕೊಂಡೆವು.

ಸಂಪ್ರದಾಯದ ಗಣಿತವನ್ನೇ ಹಾಕಿ ನೋಡೋಣ. ಬ್ರಾಹ್ಮೀ ಮುಹೂರ್ತ ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುತ್ತದೆ. ನಾವಿರುವ ಮಂಗಳೂರಿನಲ್ಲಿ ಜನವರಿಯಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ. ಅಲ್ಲಿಗೆ ಬ್ರಾಹ್ಮೀ ಮುಹೂರ್ತ ಶುರುವಾಗುವುದೇ ಐದೂಕಾಲರ ನಂತರ. ನಾಲ್ಕಕ್ಕೋ ನಾಲ್ಕೂವರೆಗೋ ಹಾಸ್ಟೆಲ್ಲಿನ ಗಂಟೆ ಹೊಡೆದು ಎಬ್ಬಿಸಿದರೆ ಅದು ಶಾಸ್ತ್ರದ ಪ್ರಕಾರವೂ ನಡುರಾತ್ರಿಯ ಬಾಲ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಪ್ರತಿ ಡಿಗ್ರಿಗೆ 4 ನಿಮಿಷದಂತೆ ಎಣಿಸಿದರೆ ಬೆಂಗಳೂರಿನ ಸೂರ್ಯ ಗೋಡೆ ಗಡಿಯಾರಕ್ಕಿಂತ ಸುಮಾರು 20 ನಿಮಿಷ ಹಿಂದೆ, ಮಂಗಳೂರಿನ ಸೂರ್ಯ ಸುಮಾರು 30 ನಿಮಿಷ ಹಿಂದೆ. ಕರಾವಳಿಯ ಹುಡುಗನನ್ನು ಐದಕ್ಕೆ ಎಬ್ಬಿಸಿದಾಗ ಅವನ ಮೈಯ ಪಾಲಿಗೆ ಅದು ನಾಲ್ಕೂವರೆ. ಇದು ಬರೀ ಕಾಗದದ ಲೆಕ್ಕವಲ್ಲ. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಭಾರತದ ಅಂಕಿಅಂಶಗಳನ್ನೇ ಇಟ್ಟುಕೊಂಡು ನೋಡಿದಾಗ, ಸೂರ್ಯಾಸ್ತ ಒಂದು ಗಂಟೆ ತಡವಾಗುವ ಕಡೆ ಮಕ್ಕಳ ನಿದ್ದೆ ಸುಮಾರು ಅರ್ಧ ಗಂಟೆ ಕಡಿಮೆಯಾಗುವುದು ಕಂಡಿತು. ಮಲಗುವ ಹೊತ್ತು ಸೂರ್ಯನ ಜೊತೆ ಹೋಗುತ್ತದೆ, ಶಾಲೆಯ ಗಂಟೆ ಹೋಗುವುದಿಲ್ಲ.

ಬೆಳಗಿನ ತುದಿಯನ್ನು ಕತ್ತರಿಸುವುದರಲ್ಲಿ ಇನ್ನೊಂದು ಕೆಡುಕಿದೆ, ಇದನ್ನು ಎಷ್ಟೋ ವಿದ್ಯಾವಂತ ಮನೆಗಳಲ್ಲೂ ನಾನು ಕೇಳಿಲ್ಲ. ನಿದ್ದೆ ಉದ್ದಕ್ಕೂ ಒಂದೇ ತೆರನಾಗಿರುವುದಿಲ್ಲ. ಮೊದಲ ಭಾಗದಲ್ಲಿ ಗಾಢ ನಿದ್ದೆ ಹೆಚ್ಚು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಆಗ. ಕೊನೆಯ ಭಾಗದಲ್ಲಿ ಕನಸಿನ ನಿದ್ದೆ ಹೆಚ್ಚು. 8 ಗಂಟೆಯ ನಿದ್ದೆಯಲ್ಲಿ ಬೆಳಗಿನ 2 ಗಂಟೆ ಕಳೆದರೆ ಕಾಲುಭಾಗ ಹೋಯಿತು ಎಂದು ನಾವು ಭಾವಿಸುತ್ತೇವೆ. ಕನಸಿನ ನಿದ್ದೆಯಲ್ಲಿ ಹೋಗುವ ಪಾಲು ಅದಕ್ಕಿಂತ ಬಹಳ ದೊಡ್ಡದು. ಕಲಿತದ್ದನ್ನು ಹಳೆಯ ತಿಳಿವಳಿಕೆಯ ಜೊತೆ ಹೆಣೆಯುವ, ಮನಸ್ಸಿಗೆ ಆದ ನೋವನ್ನು ಹದಕ್ಕೆ ತರುವ ಕೆಲಸದಲ್ಲಿ ಈ ಭಾಗಕ್ಕೆ ಪಾತ್ರವಿದೆ ಎನ್ನುತ್ತಾರೆ ಸಂಶೋಧಕರು. 1998ರಲ್ಲಿ ಕಾರ್ಸ್ಕಡನ್ ತಂಡ 7.20ಕ್ಕೆ ಶುರುವಾಗುವ ಶಾಲೆಗೆ ಹೋಗುತ್ತಿದ್ದ 10ನೇ ತರಗತಿಯ 25 ವಿದ್ಯಾರ್ಥಿಗಳನ್ನು ಬೆಳಗಿನ ಹೊತ್ತು ಪ್ರಯೋಗಾಲಯದಲ್ಲಿ ಮಲಗಿಸಿ ಪರೀಕ್ಷಿಸಿತು. ಸುಮಾರು ಅರ್ಧದಷ್ಟು ಮಂದಿ ನೇರವಾಗಿ ಕನಸಿನ ನಿದ್ದೆಗೆ ಜಾರಿದರು. ನಿದ್ದೆಯ ಗಂಭೀರ ಕಾಯಿಲೆಯಾದ ನಾರ್ಕೊಲೆಪ್ಸಿ ಇರುವವರಲ್ಲಿ ಕಾಣುವ ಲಕ್ಷಣ ಅದು. ಅವರು ಆರೋಗ್ಯವಂತ ಮಕ್ಕಳು. ಅವರ ಮಿದುಳು ಇನ್ನೂ ರಾತ್ರಿಯಲ್ಲೇ ಇತ್ತು.

ಗಂಟೆಯನ್ನು ಮುಂದೂಡಿದ ಊರುಗಳು

ಅಮೆರಿಕದ ಮಿನೆಸೋಟ ರಾಜ್ಯದ ಈಡೈನ ಎಂಬ ಪಟ್ಟಣ 1996ರಲ್ಲಿ ತನ್ನ ಪ್ರೌಢಶಾಲೆಯ ಹೊತ್ತನ್ನು ಒಂದು ಗಂಟೆಗಿಂತ ಹೆಚ್ಚು ಮುಂದೂಡಿ 8.30ಕ್ಕೆ ತಂದಿತು. ಮರುವರ್ಷ ಪಕ್ಕದ ಮಿನಿಯಾಪೊಲಿಸ್ ನಗರ 7.15ರಿಂದ 8.40ಕ್ಕೆ ಹೋಯಿತು. ಮಕ್ಕಳು ಇನ್ನೂ ಒಂದು ಗಂಟೆ ತಡವಾಗಿ ಮಲಗುತ್ತಾರೆ, ಅಷ್ಟೇ ಎಂದು ವಿರೋಧಿಸಿದವರಿದ್ದರು. ಹಾಗಾಗಲಿಲ್ಲ. ಇದನ್ನು ಸಲಕರಣೆಯಿಂದ ಅಳೆದದ್ದು ಸಿಯಾಟಲ್‌ನಲ್ಲಿ. ಅಲ್ಲಿ 2016ರಲ್ಲಿ ಶಾಲೆಯ ಹೊತ್ತು 7.50ರಿಂದ 8.45ಕ್ಕೆ ಬಂತು. ಬದಲಾವಣೆಗೆ ಮೊದಲು ಮತ್ತು ಆನಂತರ ವಿದ್ಯಾರ್ಥಿಗಳ ಕೈಗೆ ಗಡಿಯಾರದಂಥ ಮಾಪಕ ಕಟ್ಟಿ ನೋಡಿದಾಗ ದಿನದ ನಿದ್ದೆ 34 ನಿಮಿಷ ಹೆಚ್ಚಿತ್ತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ 8.30ಕ್ಕೆ ಮೊದಲು ಪ್ರೌಢಶಾಲೆ ಬೇಡ ಎಂದಿತ್ತು. ಕ್ಯಾಲಿಫೋರ್ನಿಯಾ 2019ರಲ್ಲಿ ಕಾಯ್ದೆ ಮಾಡಿ 2022ರ ಜುಲೈನಿಂದ ಅದನ್ನು ಜಾರಿಗೆ ತಂದಿತು. ಎಲ್ಲ ಕಡೆಯೂ ಇದು ಸಲೀಸಾಗಿಲ್ಲ: ಫ್ಲಾರಿಡಾ 2023ರಲ್ಲಿ ಇಂಥದೇ ಕಾಯ್ದೆ ತಂದು, ಬಸ್ಸುಗಳ ಹೊಂದಾಣಿಕೆ ಮತ್ತು ಖರ್ಚಿನ ಆಕ್ಷೇಪಗಳ ನಡುವೆ 2025ರಲ್ಲಿ ಕೈಬಿಟ್ಟಿತು.

ಇದನ್ನೆಲ್ಲ ಓದುವಾಗ ನನಗೆ ಹೊಳೆದದ್ದು ನಮ್ಮ ಸರಕಾರಿ ಪ್ರೌಢಶಾಲೆಗಳ ವಿಷಯ. ಅಮೆರಿಕದವರು ಇಪ್ಪತ್ತೈದು ವರ್ಷ ಹೋರಾಡಿ ಪಡೆದ ಹೊತ್ತು ನಮ್ಮಲ್ಲಿ ಮೊದಲಿನಿಂದಲೂ ಇದೆ. ಒಂಬತ್ತೂವರೆ, ಹತ್ತಕ್ಕೆ ಪ್ರಾರ್ಥನೆ. ಹಳ್ಳಿಯ ಹುಡುಗಿ ಏಳಕ್ಕೆ ಎದ್ದರೂ ನಡೆದು ಶಾಲೆ ಸೇರಬಹುದು. ಇಂಥ ಒಳ್ಳೆಯ ಏರ್ಪಾಡಿನ ಮುಂದೆ ನಾವು ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ‘ವಿಶೇಷ ತರಗತಿ’ಯನ್ನು ತಂದು ಅಂಟಿಸಿದ್ದೇವೆ. ಫಲಿತಾಂಶದ ಪಟ್ಟಿಯಲ್ಲಿ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬಂತು ಎಂಬ ಒತ್ತಡ ಮೇಲಿನಿಂದ ಇಳಿದು, ಕೆಲವು ಕಡೆ ಶಿಕ್ಷಕರೇ ಬೆಳಗಿನ ಜಾವ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುವ ಪರಿಪಾಠ ಬಂದಿದೆ. ಆ ಶಿಕ್ಷಕರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ತಮ್ಮ ನಿದ್ದೆಯನ್ನೂ ಬಿಟ್ಟು ಮಾಡುವ ಕೆಲಸ ಅದು. ಅದೇ ಫೋನ್ ರಾತ್ರಿ ಹತ್ತಕ್ಕೆ ಬಂದು ‘ಪುಸ್ತಕ ಮುಚ್ಚಿ ಮಲಗಮ್ಮ’ ಎಂದಿದ್ದರೆ ಮಗುವಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ನಗರದ ಖಾಸಗಿ ಶಾಲೆಗಳ ಕಥೆ ಬೇರೆ. ಗಂಟೆ ಹೊಡೆಯುವುದು ಎಂಟಕ್ಕೋ ಎಂಟೂವರೆಗೋ ಆದರೂ ವಾಹನ ಮನೆಯ ಮುಂದೆ ನಿಲ್ಲುವುದು ಆರೂಮುಕ್ಕಾಲಿಗೆ. 2023ರಲ್ಲಿ ಬೆಂಗಳೂರಿನ ಸಂಚಾರ ದಟ್ಟಣೆಯ ಪ್ರಕರಣದಲ್ಲಿ ಹೈಕೋರ್ಟ್ ಶಾಲಾ ಸಮಯದ ಬದಲಾವಣೆಯನ್ನು ಪರಿಶೀಲಿಸಲು ಸೂಚಿಸಿದಾಗ, ಶಾಲೆಯನ್ನು ಇನ್ನೂ ಬೇಗ ಶುರುಮಾಡುವ ಮಾತು ಎದ್ದಿತು. ಶಿಕ್ಷಣ ಇಲಾಖೆ ಅಕ್ಟೋಬರ್‌ನಲ್ಲಿ ಕರೆದ ಸಭೆಯಲ್ಲಿ ಖಾಸಗಿ ಶಾಲೆಗಳೂ ಪೋಷಕರೂ ಒಪ್ಪಲಿಲ್ಲ. ಒಪ್ಪದೇ ಇದ್ದದ್ದು ಒಳ್ಳೆಯದಾಯಿತು. ಮಹಾರಾಷ್ಟ್ರ ಸರಕಾರ 2024ರ ಫೆಬ್ರುವರಿಯಲ್ಲಿ ನಾಲ್ಕನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಶುರುವಾಗಬಾರದು ಎಂದು ಆದೇಶಿಸಿತು. ಚಿಕ್ಕವರ ನಿದ್ದೆಯನ್ನು ಒಂದು ಸರಕಾರ ಲೆಕ್ಕಕ್ಕೆ ತೆಗೆದುಕೊಂಡದ್ದು ಸಂತೋಷ. ಆದರೆ ಗಡಿಯಾರ ನಿಜವಾಗಿ ಹಿಂದೆ ಬೀಳುವುದು ಆ ವಯಸ್ಸು ದಾಟಿದ ಮೇಲೆ. ಬೇಗ ಏಳಲು ತಕ್ಕಮಟ್ಟಿಗೆ ಆಗುವವರಿಗೆ ರಿಯಾಯಿತಿ ಸಿಕ್ಕಿ, ಆಗದವರಿಗೆ ಸಿಗಲಿಲ್ಲ.

ಓದು ಹೆಚ್ಚಿಸಲು ನಿದ್ದೆ ಬಿಟ್ಟರೆ

‘ಎಲ್ಲ ಸರಿ, ಓದಬೇಡವೇ? ಸೀಟು ಸಿಗಬೇಡವೇ?’ ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಶುಲ್ಕ ಕಟ್ಟಲಾಗದ ಮನೆಗಳಿಗೆ ಸರಕಾರಿ ಸೀಟು ಎಂದರೆ ಒಂದು ಪೀಳಿಗೆಯ ಬದುಕು. ಹಾಗಾಗಿ ಅಂಕದ ಲೆಕ್ಕದಲ್ಲೇ ಮಾತಾಡುತ್ತೇನೆ. ಲಾಸ್ ಏಂಜಲೀಸ್‌ನ 535 ವಿದ್ಯಾರ್ಥಿಗಳನ್ನು 9, 10 ಮತ್ತು 12ನೇ ತರಗತಿಗಳಲ್ಲಿ ತಲಾ 14 ದಿನ ದಿನಚರಿ ಬರೆಸಿ ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಯಾವ ದಿನ ಒಬ್ಬ ವಿದ್ಯಾರ್ಥಿ ನಿದ್ದೆ ಬಿಟ್ಟು ತನ್ನ ಎಂದಿನ ಓದಿಗಿಂತ ಹೆಚ್ಚು ಓದುತ್ತಾನೋ, ಅದರ ಮರುದಿನ ಪಾಠ ಅರ್ಥವಾಗದೇ ಹೋಗುವುದೂ ಪರೀಕ್ಷೆಯಲ್ಲಿ ತೊಡಕಾಗುವುದೂ ಹೆಚ್ಚಿತ್ತು. ಜಾಣ, ದಡ್ಡ ಎಂಬ ಭೇದ ಇಲ್ಲಿ ಬರುವುದಿಲ್ಲ, ಏಕೆಂದರೆ ಹೋಲಿಕೆ ಅದೇ ವಿದ್ಯಾರ್ಥಿಯ ಬೇರೆ ದಿನಗಳ ಜೊತೆಗೆ.

ಕಾರಣ ತಿಳಿಯುವುದು ಕಷ್ಟವಲ್ಲ. ಹಗಲು ಓದಿದ್ದು ಮೊದಲು ಕೂರುವುದು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ. ಅಂಗಡಿಯ ಕಚ್ಚಾ ಪುಸ್ತಕದಂತೆ ಅದು. ರಾತ್ರಿ ನಿದ್ದೆಯಲ್ಲಿ ಆ ಬರಹ ಖಾತೆಪುಸ್ತಕಕ್ಕೆ ಏರುತ್ತದೆ. ನಿದ್ದೆ ಅರ್ಧಕ್ಕೇ ಮುರಿದರೆ ಕಚ್ಚಾ ಪುಸ್ತಕ ತುಂಬಿಯೇ ಇರುತ್ತದೆ; ಮರುದಿನದ ಪಾಠಕ್ಕೆ ಜಾಗವೂ ಇಲ್ಲ, ನಿನ್ನೆಯದು ಭದ್ರವೂ ಆಗಿಲ್ಲ.

‘ನನಗೆ ಆರು ಗಂಟೆ ಸಾಕು, ಅಭ್ಯಾಸವಾಗಿದೆ’ ಎನ್ನುವವರಿಗಾಗಿ ಇನ್ನೊಂದು ಪ್ರಯೋಗವಿದೆ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ವಯಸ್ಕರಿಗೆ 14 ದಿನ ರಾತ್ರಿ 4 ಅಥವಾ 6 ಗಂಟೆ ಮಾತ್ರ ಮಲಗಲು ಬಿಟ್ಟು ಗಮನಶಕ್ತಿಯನ್ನು ಅಳೆದರು. ಎರಡು ವಾರ ಮುಗಿಯುವಾಗ 6 ಗಂಟೆಯವರ ಸ್ಥಿತಿಯೂ ರಾತ್ರಿಯಿಡೀ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಹೆಚ್ಚು ಹೆದರಿಸುವ ಸಂಗತಿ ಏನೆಂದರೆ, ಅವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಸ್ವಲ್ಪ ತೂಕಡಿಕೆ ಇದೆ, ನಿಭಾಯಿಸುತ್ತಿದ್ದೇನೆ ಎಂದೇ ಹೇಳುತ್ತಿದ್ದರು. ತೂಕಡಿಕೆಯ ಅರಿವು ಕೆಲವೇ ದಿನಗಳಲ್ಲಿ ನಿಂತುಹೋಗುತ್ತದೆ, ಬುದ್ಧಿಯ ಇಳಿತ ನಿಲ್ಲುವುದಿಲ್ಲ. ಮಗ ‘ನನಗೇನೂ ಆಗಿಲ್ಲಮ್ಮ’ ಎಂದಾಗ ನಾನು ನಂಬಿದ್ದೆ.

ನಿದ್ದೆಗೆಡುವುದರ ತುತ್ತತುದಿಯನ್ನು ಮುಟ್ಟಿ ಬಂದವನೂ ಒಬ್ಬ ಹದಿಹರೆಯದವನೇ. 1963ರ ಡಿಸೆಂಬರ್ ಕೊನೆಯಲ್ಲಿ ಸ್ಯಾನ್ ಡಿಯಾಗೊದ 17 ವರ್ಷದ ರ‍್ಯಾಂಡಿ ಗಾರ್ಡ್‌ನರ್ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ನಿದ್ದೆ ಬಿಟ್ಟು 264 ಗಂಟೆ, ಅಂದರೆ 11 ದಿನ ಎಚ್ಚರವಿದ್ದ. ಕೊನೆಯ ದಿನ ನೂರರಿಂದ ಏಳೇಳನ್ನು ಕಳೆಯುತ್ತಾ ಹೋಗಲು ಹೇಳಿದರೆ 65ಕ್ಕೆ ಬಂದು ಸುಮ್ಮನಾದ. ಯಾಕೆ ನಿಲ್ಲಿಸಿದೆ ಎಂದು ಕೇಳಿದ್ದಕ್ಕೆ, ಏನು ಮಾಡುತ್ತಿದ್ದೆ ಎಂಬುದೇ ಮರೆತುಹೋಯಿತು ಎಂದನಂತೆ. ಗಿನ್ನೆಸ್ ಸಂಸ್ಥೆ ಈಗ ಈ ಬಗೆಯ ದಾಖಲೆಯನ್ನು ಪರಿಗಣಿಸುವುದಿಲ್ಲ. ಇಲ್ಲಿ ಯಾರೂ 11 ದಿನ ನಿದ್ದೆಗೆಡುವುದಿಲ್ಲ. ಆದರೆ ಲೆಕ್ಕ ಬಿಡಿಸುತ್ತಾ ನಡುವೆ ‘ಏನು ಮಾಡುತ್ತಿದ್ದೆ’ ಎಂದು ಮರೆಯುವ ಸ್ಥಿತಿ ನನ್ನ ಮುಂದಿರುವ ನೋಟ್‌ಬುಕ್ಕಿನಲ್ಲೂ ಇದೆ.

ಮೈಮನಸ್ಸಿನ ಮೇಲೆ ಆಗುವುದನ್ನು ಮನೆಯಲ್ಲಿ ಗುರುತಿಸುವುದು ಕಷ್ಟ, ಏಕೆಂದರೆ ಅದು ನಿದ್ದೆಯ ವೇಷದಲ್ಲಿ ಬರುವುದಿಲ್ಲ. ಸಿಡುಕಿನ ವೇಷದಲ್ಲಿ ಬರುತ್ತದೆ. 2007ರ ಒಂದು ಪ್ರಯೋಗದಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟ ಯುವಜನರಿಗೆ ಕಳವಳದ ಚಿತ್ರಗಳನ್ನು ತೋರಿಸಿದಾಗ ಮಿದುಳಿನ ಭಯ, ಕೋಪಗಳ ಕೇಂದ್ರವಾದ ಅಮಿಗ್ಡಲ ಎಂದಿಗಿಂತ ಶೇ 60ರಷ್ಟು ಹೆಚ್ಚು ಕೆರಳಿತು. ಅದನ್ನು ತಡೆಯುವ ಮುಂಭಾಗದ ಹಿಡಿತ ಸಡಿಲವಾಗಿತ್ತು. ಹದಿಹರೆಯದಲ್ಲಿ ಆ ಹಿಡಿತ ಮೊದಲೇ ಇನ್ನೂ ಬಲಿಯುತ್ತಿರುತ್ತದೆ. ಬಾಗಿಲು ದಢಾರನೆ ಹಾಕಿಕೊಳ್ಳುವ ಮಗಳಿಗೆ ಪೊಗರು ಎಂದು ಹೆಸರಿಡುವ ಮುನ್ನ ಅವಳು ನಿನ್ನೆ ಎಷ್ಟು ಗಂಟೆ ಮಲಗಿದ್ದಳು ಎಂದು ಕೇಳಬೇಕು. ನಿದ್ದೆಗೇಡು ಖಿನ್ನತೆಯನ್ನು ಬೆಳೆಸುತ್ತದೆ, ಖಿನ್ನತೆ ನಿದ್ದೆಯನ್ನು ಕೆಡಿಸುತ್ತದೆ. ಎರಡೂ ಒಂದನ್ನೊಂದು ಎಳೆದುಕೊಂಡು ಇಳಿಯುತ್ತವೆ. ವಾರಗಟ್ಟಲೆ ಮಂಕಾಗಿರುವ, ಗೆಳೆಯರನ್ನೂ ದೂರವಿಡುವ ಮಗುವಿಗೆ ವೈದ್ಯರ ನೆರವು ಬೇಕು, ಬೈಗುಳ ಬೇಡ. ಕೇಂದ್ರ ಸರಕಾರದ ಉಚಿತ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416. ಇನ್ನು ಹಸಿವು: ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಹಾರ್ಮೋನು ಏರಿ, ಸಾಕು ಎನ್ನುವ ಹಾರ್ಮೋನು ಇಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಚಿಪ್ಸ್ ಪೊಟ್ಟಣ ಹುಡುಕುವ ಕೈಯ ಹಿಂದೆ ಇದೂ ಇದೆ.

ರಸ್ತೆಯ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು. 17ರಿಂದ 19 ಗಂಟೆ ಸತತ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟೇ ಅಥವಾ ಅದಕ್ಕಿಂತ ಕಡಿಮೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ 0.03. ಬೆಳಿಗ್ಗೆ ಮುಕ್ಕಾಲು ಐದಕ್ಕೆ ಎದ್ದವನಿಗೆ 17 ಗಂಟೆ ತುಂಬುವುದು ರಾತ್ರಿ ಮುಕ್ಕಾಲು ಹತ್ತಕ್ಕೆ. ರಾತ್ರಿಯ ಕೋಚಿಂಗ್ ಮುಗಿಸಿ ಸೈಕಲ್ಲು, ಸ್ಕೂಟರುಗಳಲ್ಲಿ ಮಕ್ಕಳು ಮನೆಗೆ ಹೊರಡುವ ಹೊತ್ತು ಅದು.

ಈಗ ಮೊಬೈಲು. ಅದರ ನೀಲಿ ಬೆಳಕು ಮೆಲಟೋನಿನ್ನನ್ನು ತಡೆಯುತ್ತದೆ ಎಂಬುದು ನಿಜ, ಆದರೆ ಬೆಳಕಿಗಿಂತ ಹೆಚ್ಚು ಎಚ್ಚರ ಇಡುವುದು ಅದರೊಳಗಿನ ಸರಕು: ಮುಗಿಯದ ರೀಲ್ಸ್, ಉತ್ತರ ಕೊಡದಿದ್ದರೆ ಗೆಳತಿ ಬೇಸರಪಟ್ಟುಕೊಳ್ಳುವ ಸಂದೇಶ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ‘ಶಟ್’ ಕ್ಲಿನಿಕ್ ನಡೆಯುತ್ತಿದೆ ಎಂದರೆ ತೊಂದರೆ ಎಷ್ಟು ಹಳೆಯದು ಎಂದು ತಿಳಿಯುತ್ತದೆ. ಫೋನು ರಾತ್ರಿ ಮಲಗುವ ಕೋಣೆಯಿಂದ ಹೊರಗಿರಬೇಕು, ಹೆತ್ತವರದೂ ಸೇರಿ. ಇದರಲ್ಲಿ ನನಗೆ ಅನುಮಾನವಿಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ. ಮಗನನ್ನು ಗದರಿಸಿದ ರಾತ್ರಿ ಅವನು ಹೇಳಿದ್ದ: ‘ಅಮ್ಮಾ, ದಿನದಲ್ಲಿ ನನಗೆ ಅಂತ ಇರುವುದು ಇದೊಂದೇ ಅರ್ಧ ಗಂಟೆ.’ ಬೆಳಗಿನ ಐದರಿಂದ ರಾತ್ರಿಯ ಹತ್ತೂವರೆಯವರೆಗೆ ಬೇರೆಯವರ ವೇಳಾಪಟ್ಟಿಯಲ್ಲಿ ಓಡಿದ ಮಗು ನಿದ್ದೆಯಿಂದ ಕದ್ದು ತನ್ನ ಹೊತ್ತನ್ನು ಮಾಡಿಕೊಳ್ಳುತ್ತದೆ. ಆಟಕ್ಕೆ ಸಂಜೆ ಒಂದು ಗಂಟೆ ಕೊಡದೆ ಫೋನನ್ನು ಮಾತ್ರ ಕಿತ್ತುಕೊಂಡರೆ ಫಲವಿಲ್ಲ. ಕಾಫಿಯ ಬಗ್ಗೆ ಇಷ್ಟು: ಕುಡಿದ ಕೆಫೀನಿನ ಅರ್ಧಭಾಗ ಸುಮಾರು 5 ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಓದುವ ಮಗುವಿಗೆಂದು ಅಕ್ಕರೆಯಿಂದ ರಾತ್ರಿ ಒಂಬತ್ತಕ್ಕೆ ಕೊಟ್ಟ ಲೋಟ ರಾತ್ರಿ ಎರಡಕ್ಕೂ ಅರ್ಧ ಉಳಿದಿರುತ್ತದೆ.

ಎಲ್ಲ ಮಕ್ಕಳ ರಾತ್ರಿಯೂ ಒಂದೇ ಅಲ್ಲ. ಒಂದೇ ಕೋಣೆಯಲ್ಲಿ ಐವರು ಮಲಗುವ ಮನೆಯಲ್ಲಿ ಅಪ್ಪ ಪಾಳಿ ಮುಗಿಸಿ ಬಂದು ದೀಪ ಹಾಕಿದರೆ ಎಲ್ಲರಿಗೂ ಎಚ್ಚರ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಸೆಕೆ, ಸೊಳ್ಳೆ, ಹೋದ ಕರೆಂಟು. ಹುಡುಗಿಯರಿಗಾದರೆ ನೀರು ಹಿಡಿಯುವುದು, ಅಂಗಳ ಗುಡಿಸುವುದು ಎಂದು ಬೆಳಗಿನ ಕೆಲಸ ಬೇರೆ. ತಮ್ಮ ಇನ್ನೂ ಮಲಗಿರುತ್ತಾನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆಯಾದರೆ ಹಗಲೆಲ್ಲ ಆಯಾಸ, ರಾತ್ರಿ ಕಾಲಿನಲ್ಲಿ ಚಡಪಡಿಕೆಯಾಗಿ ನಿದ್ದೆ ಹತ್ತದಿರುವುದೂ ಉಂಟು. ಚೆನ್ನೈನಲ್ಲಿ ಕಡಿಮೆ ಆದಾಯದ 452 ವಯಸ್ಕರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ನನಗೆ ಪದೇ ಪದೇ ನೆನಪಾಗುತ್ತದೆ. ಅವರು 8 ಗಂಟೆ ಹಾಸಿಗೆಯಲ್ಲಿದ್ದರೂ ನಿದ್ದೆ ಆಗುತ್ತಿದ್ದುದು ಐದೂವರೆ ಗಂಟೆ. ಇಂಥ ಒಡೆದ ರಾತ್ರಿಗೆ ಇನ್ನಷ್ಟು ನಿಮಿಷ ಸೇರಿಸಿದ್ದರಿಂದ ಹೆಚ್ಚು ಪ್ರಯೋಜನ ಕಾಣಲಿಲ್ಲ. ಕೆಲಸದ ಜಾಗದಲ್ಲಿ ನೆಮ್ಮದಿಯ ಅರ್ಧ ಗಂಟೆ ಮಧ್ಯಾಹ್ನದ ನಿದ್ದೆ ಕೊಟ್ಟಾಗ ಕೆಲಸವೂ ಮನಸ್ಸೂ ಸುಧಾರಿಸಿದವು. ಹಾಸ್ಟೆಲ್‌ಗಳಲ್ಲಿ ಊಟದ ನಂತರ ಇಪ್ಪತ್ತೈದು ನಿಮಿಷ ತಲೆ ಒರಗಿಸಲು ಬಿಟ್ಟರೆ ಯಾವ ಪಠ್ಯವೂ ಹಿಂದೆ ಬೀಳುವುದಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಬಾರದು, ದಿನಕ್ಕೆ 5 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು, ತರಗತಿಗಳು ತೀರಾ ಬೆಳಿಗ್ಗೆಯೂ ತೀರಾ ರಾತ್ರಿಯೂ ಇರಬಾರದು ಎಂದು ಅದರಲ್ಲಿದೆ. ‘ತೀರಾ ಬೆಳಿಗ್ಗೆ’ ಎಂದರೆ ಎಷ್ಟು ಗಂಟೆ ಎಂದು ಬರೆದಿದ್ದರೆ ಚೆನ್ನಾಗಿತ್ತು. ರಾಜ್ಯ ಸರಕಾರ ಅದನ್ನು ಏಳೂವರೆ ಎಂದು ಬರೆಯಲಿ; ಪಿಯು ಹಾಸ್ಟೆಲ್‌ಗಳಲ್ಲಿ ದೀಪ ಆರಿಸುವ ಮತ್ತು ಎಬ್ಬಿಸುವ ಹೊತ್ತಿನ ನಡುವೆ 8 ಗಂಟೆ ಇರಲೇಬೇಕು ಎಂದು ಸೇರಿಸಲಿ. ಕಾಲೇಜಿನ ಪ್ರವೇಶಕ್ಕೆ ಹೋಗುವ ಪೋಷಕರು ಪ್ರಯೋಗಾಲಯ ಹೇಗಿದೆ, ಊಟ ಹೇಗಿದೆ ಎಂದು ಕೇಳುತ್ತಾರೆ. ಮಕ್ಕಳನ್ನು ಎಷ್ಟಕ್ಕೆ ಎಬ್ಬಿಸುತ್ತೀರಿ ಎಂದು ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಹೇಳುವ ಉತ್ತರ ಬದಲಾಗುತ್ತದೆ.

ನಮ್ಮ ಮನೆಯಲ್ಲಿ ಮಾಡಿದ್ದು ಸಣ್ಣದು. ಬೆಳಗಿನ ಟ್ಯೂಷನ್ ಬಿಡಿಸಿ, ಸಂಜೆ ಒಂದು ವಿಷಯಕ್ಕೆ ಮಾತ್ರ ಬೇರೊಬ್ಬ ಮೇಷ್ಟ್ರ ಬಳಿ ಕಳಿಸಿದೆವು. ಅತ್ತೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಎರಡು ವಾರ ಅವರು ಐದೂವರೆಗೆ ಎದ್ದು ದೇವರ ದೀಪ ಹಚ್ಚಿ, ಮೊಮ್ಮಗನ ಕೋಣೆಯ ಬಾಗಿಲವರೆಗೆ ಹೋಗಿ, ನಿಂತು, ವಾಪಸು ಬರುತ್ತಿದ್ದರು. ಈಗ ಅವನು ಏಳುವುದು ಆರೂಮುಕ್ಕಾಲಿಗೆ. ಎದ್ದ ಕೂಡಲೇ ಹತ್ತು ನಿಮಿಷ ಅಂಗಳದ ಬಿಸಿಲಿನಲ್ಲಿ ಅಜ್ಜಿಯ ಜೊತೆ ಮಲ್ಲಿಗೆ ಕೊಯ್ಯುತ್ತಾನೆ. ರಾತ್ರಿ ಹನ್ನೊಂದರೊಳಗೆ ಮಲಗುತ್ತಾನೆ. ಏಳೂಮುಕ್ಕಾಲು ಗಂಟೆ ಆಗುತ್ತದೆ, ಇನ್ನೂ ಎಂಟಾಗಿಲ್ಲ.

ಹೊಸ ನೋಟ್‌ಬುಕ್ಕನ್ನೂ ತೆರೆದು ನೋಡಿದೆ. ಮೊದಲ ಪೀರಿಯಡ್ಡಿನ ಸಾಲುಗಳು ಪುಟದ ಕೊನೆಯವರೆಗೆ ಗೆರೆ ಬಿಟ್ಟಿಲ್ಲ. ಸೋಮವಾರದ ಪುಟಗಳಲ್ಲಿ ಮಾತ್ರ ಅಲ್ಲಲ್ಲಿ ಬಲತುದಿ ಬಾಗಿದೆ. ಭಾನುವಾರ ಅವನು ಹತ್ತರವರೆಗೆ ಮಲಗಿರುತ್ತಾನೆ, ಹಾಗಾಗಿ ಆ ರಾತ್ರಿ ಬೇಗ ನಿದ್ದೆ ಹತ್ತುವುದಿಲ್ಲ. ಮುಂದಿನ ವಾರದಿಂದ ಭಾನುವಾರ ಎಂಟಕ್ಕೆ ಎಬ್ಬಿಸು ಎಂದು ಅವನೇ ಅಜ್ಜಿಗೆ ಹೇಳಿಟ್ಟಿದ್ದಾನೆ.